ಉಗ್ರಾಣದ ಬಾಗಿಲು

ಧಾರೆಯನ್ನು ಒಂದಲ್ಲ ಒಂದು ದಿನ ನಿನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿಯೇ ತೋರಿಸುತ್ತೇನೆಂದು ವಾರಿಜಾ ಅಮ್ಮನಿಗೆ ಮಾತು ಕೊಟ್ಟದ್ದು ತನ್ನ ಮದುವೆಯ ದಿನ. ಗಂಡನನ್ನು ಕಳೆದುಕೊಂಡ ಭಾಗೀರಥಮ್ಮ ಮಂಟಪದ ಹತ್ತಿರ ಸುಳಿಯಬಾರದೆಂದು ಹಿರಿಯರು ಅವರನ್ನು ಉಗ್ರಾಣದಲ್ಲೇ ಉಳಿಸಿದ್ದರು. ಚಿಕ್ಕಪ್ಪ, ಚಿಕ್ಕಮ್ಮ ಧಾರೆ ಎರೆದಿದ್ದರು.

ಈಗ, ಮೂವತ್ತೈದು ವರ್ಷದ ನಂತರ, 2050ರಲ್ಲಿ, ವಿಜ್ಞಾನಿ ವಾರಿಜಾ ತಾನೇ ರೂಪಿಸಿದ ‘ಸಂಗಮಗ್ರಾಹಿ’ಯನ್ನು ತುಮಕೂರಿನ ಮನೆಯ ಹಜಾರದಲ್ಲಿ ಜೋಡಿಸುತ್ತಿದ್ದಳು. ಹಿಂದಿನ ಹೋಮ್ ಥಿಯೇಟರ್ ರಿಸೀವರ್ ಹಲವು ಮೂಲಗಳಲ್ಲಿ ಒಂದನ್ನು ಆರಿಸಿ ಪರದೆಗೆ ಕಳಿಸುತ್ತಿತ್ತು. ಇದು ಎಲ್ಲವನ್ನೂ ಒಟ್ಟಿಗೆ ನುಂಗಿ, ಒಂದು ಕ್ಯಾಮೆರಾ ಕಂಡ ಬೆನ್ನಿಗೆ ಇನ್ನೊಂದು ಕಂಡ ಮುಖವನ್ನು ಹೊಂದಿಸಿ, ಆ ಜಾಗವನ್ನೇ ಕೋಣೆಯೊಳಗೆ ಎಬ್ಬಿಸಿ ನಿಲ್ಲಿಸುತ್ತಿತ್ತು. ಯಾರೂ ಚಿತ್ರಿಸದ ಕಡೆ ಬರೀ ಕತ್ತಲು. ಊಹಿಸಿ ತುಂಬುವುದು ಅದಕ್ಕೆ ಗೊತ್ತಿರಲಿಲ್ಲ.

“ಇನ್ನೂ ಎಷ್ಟು ವಯರ್ ಚುಚ್ತೀಯೇ? ನನ್ನ ಕಣ್ಣು ಪೂರ್ತಿ ಹೋಗೋದರೊಳಗೆ ತೋರಿಸ್ತೀಯೋ ಇಲ್ವೋ?”

“ಇದೇ ಕೊನೇದು ಅಮ್ಮ. ನನ್ನ ಮದುವೆ ತೆಗೆದ ಮೂರು ವಿಡಿಯೋದವರದೂ ಆಯ್ತು. ಇದು ಭಾವನ ಹಳೇ ಮೊಬೈಲು.”

“ಅವನೇನು ತೆಗೆದಿರ್ತಾನೆ! ಹೋಳಿಗೆ ಬಡಿಸೋದನ್ನ.”

“ಅದೂ ಬೇಕು. ಹಿಂದುಗಡೆ ಕತ್ತಲಿದ್ರೆ ಚೆನ್ನಾಗಿರಲ್ಲ.”

ಗುಂಡಿ ಒತ್ತಿದ್ದೇ ತಡ, ಗೋಡೆಗಳು ಇಲ್ಲವಾದವು. ತಲೆಯ ಮೇಲೆ ಮಾವಿನ ತೋರಣ, ಒಂದೊಂದು ಎಲೆಯ ನರವೂ ಕಾಣುವಂತೆ. ಮೊಣಕಾಲಿನ ಪಕ್ಕದಲ್ಲೇ ಯಾರದೋ ಮಗು ಬಳೆ ಕಚ್ಚುತ್ತಾ ಕೂತಿತ್ತು. ಭಾಗೀರಥಮ್ಮ ಕೈ ಚಾಚಿದರು. ಬೆರಳು ಮಗುವಿನ ಕೆನ್ನೆಯ ಮೂಲಕ ಹಾದುಹೋಯಿತು. “ಶಿವನೇ,” ಎಂದರು.

ಗಟ್ಟಿಮೇಳ ಶುರುವಾಯಿತು. ಅಕ್ಷತೆ ಎಲ್ಲ ಕಡೆಯಿಂದ ಹಾರಿತು. ಹಿಂದಿನಿಂದ ಬಂದ ನಾಲ್ಕಾರು ಕಾಳು ಮಾತ್ರ ಮಂಟಪ ಮುಟ್ಟದೆ ದಾರಿಯಲ್ಲೇ ಬಿದ್ದದ್ದನ್ನು ಕಂಡು ಭಾಗೀರಥಮ್ಮ ತಿರುಗಿದರು.

ಹೋಳಿಗೆಯ ತಟ್ಟೆಗಳ ಆಚೆ, ಉಗ್ರಾಣದ ಬಾಗಿಲ ಸಂದಿಯಲ್ಲಿ, ಮಾಸಲು ಸೀರೆಯ ಹೆಂಗಸೊಬ್ಬಳು ತುದಿಗಾಲಲ್ಲಿ ನಿಂತು ಅಕ್ಷತೆ ಎಸೆಯುತ್ತಿದ್ದಳು.

“ಇವಳು ನಾನು ಕಣೇ.”

“ಅಮ್ಮ, ಈ ಕಡೆ! ಧಾರೆ ಎರೀತಿದ್ದಾರೆ!”

“ಇರೇ. ಪಾಪ, ಇವಳ ಜೊತೆ ಒಬ್ಬರೂ ಇಲ್ಲ.” ಅವರು ಎದ್ದುಹೋಗಿ ಆ ಹೆಂಗಸಿನ ಪಕ್ಕದಲ್ಲಿ ನಿಂತರು. ಅವಳ ಕಣ್ಣೊರೆಸಲು ಸೆರಗು ಚಾಚಿದರು. ಸೆರಗಿಗೆ ಏನೂ ಸಿಗಲಿಲ್ಲ, ಆದರೂ ಒರೆಸಿದರು.

ವಾರಿಜಾ ಮತ್ತೆ ಮತ್ತೆ ಹಾಕಿದಳು. ಗಟ್ಟಿಮೇಳ ಕೇಳಿದೊಡನೆ ಅಮ್ಮ ಎದ್ದು ಬಾಗಿಲ ಕಡೆಗೇ ನಡೆಯುತ್ತಿದ್ದರು. ಭಾವನ ವಯರು ಕಿತ್ತರೆ ಅಲ್ಲಿ ಕತ್ತಲಾಗುತ್ತದೆ, ಅಮ್ಮ ಮುಂದೆ ಕೂರುತ್ತಾರೆ. ಅವಳು ವಯರಿನ ಮೇಲೆ ಕೈಯಿಟ್ಟಳು. ಕೀಳಲಿಲ್ಲ.

ಬೇಸಿಗೆ ಹೊತ್ತಿಗೆ ಭಾಗೀರಥಮ್ಮನ ಕಣ್ಣು ಪೂರ್ತಿ ಹೋಯಿತು. ಅವರು ಧಾರೆ ನೋಡಲಿಲ್ಲ. ವಾರಿಜಾ ಕೊಟ್ಟ ಮಾತು ನಡೆಯಲಿಲ್ಲ.