ಕಪ್ಪು ಕುಡಿದ ಇಂಜಿನ್

“ಬೇಕಾದ್ರೆ ಆ ಕಪ್ಪಿನ ಮೇಲೇ ಬಣ್ಣ ಬಳ್ಕೊಳ್ಳಿ ಅಳಿಯಂದ್ರೇ. ಕೆರೀಬೇಡಿ,” ಎಂದರು ಅತ್ತೆ.

ಅಳಿಯನಿಗೆ ನಗು ತಡೆಯಲಾಗಲಿಲ್ಲ. ಅವನು ಬಣ್ಣದಂಗಡಿಯ ಯಜಮಾನ. ಹಳೇ ಬಣ್ಣದ ಮೇಲೆ ಹೊಸ ಬಣ್ಣ ಬಳಿಯುವವರನ್ನು ಕಂಡರೆ ಮೈಯೆಲ್ಲ ಉರಿದುಕೊಳ್ಳುವ ಜಾತಿ. ಬರಿ ಲೋಹ ಕಾಣುವ ತನಕ ಕೆರೆಯದೆ ಬ್ರಷ್ ಮುಟ್ಟಿದ ಗಿರಾಕಿಗೆ ಅವನು ಬೈಯಲು ಶುರುಮಾಡಿದರೆ, ಅಂಗಡಿಯ ಡಬ್ಬಗಳು ಹೆದರಿ ತಾವೇ ಮುಚ್ಚಳ ಬಿಗಿಮಾಡಿಕೊಳ್ಳುತ್ತಿದ್ದವು.

ಮಾವ ತೀರಿಕೊಂಡ ಮೇಲೆ ಹೆಂಡತಿಯೊಡನೆ ಆ ಮನೆಗೆ ಬಂದವನು ಬಾಗಿಲು, ಕಿಟಕಿ, ಸೂರು ಎಲ್ಲವನ್ನೂ ರಿಪೇರಿ ಮಾಡಿ ಮುಗಿಸಿದ್ದ. ಉಳಿದದ್ದು ಶೆಡ್ಡಿನ ಮೂಲೆಯಲ್ಲಿದ್ದ ಮೋಟಾರ್ ಸೈಕಲ್ಲು. ವಯಸ್ಸಿನಲ್ಲಿ ಮನೆಗಿಂತ ಹಿರಿದು, ತೂಕದಲ್ಲಿ ಆನೆಗೆ ಅಣ್ಣ. ಅದರ ಇಂಜಿನ್ನಿನ ಕಪ್ಪು ಎಂಥದೆಂದರೆ, ಟಾರ್ಚು ಬಿಟ್ಟರೆ ಬೆಳಕು ಒಳಗೆ ಹೋಗಿ ವಾಪಸ್ಸು ಬರುತ್ತಿರಲಿಲ್ಲ. ಅದಕ್ಕೆ ಬೆಳ್ಳಿಬಣ್ಣ ಹೊಡೆಯುವುದು ಅಳಿಯನ ಆಸೆ.

“ಗಾಡಿ ನಿಮ್ಮ ಮಾವಂದಲ್ಲ,” ಅತ್ತೆ ದನಿ ತಗ್ಗಿಸಿದರು. “ಅವರು ಸ್ವಂತ ತಮ್ಮನ ಕೈಯಿಂದ ಕಿತ್ಕೊಂಡು ಬಂದಿದ್ದು. ಅದೇ ಕೊರಗಲ್ಲಿ ಆ ತಮ್ಮ ತೀರ್ಕೊಂಡ. ಆಮೇಲೆ ಅವನ ಹೆಂಡ್ತಿ, ನನ್ನ ಓರಗಿತ್ತಿ, ಬಂದು ಏನೇನೋ ಸುಟ್ಟ ಮಸೀನ ಇಂಜಿನ್ನಿಗೆ ಬಳಿದು ಮಾಟ ಮಾಡಿದ್ಲು. ‘ಈ ಕಪ್ಪು ಕೆರೆದೋನ ಮನೇಲಿರೋ ಕಪ್ಪನ್ನೆಲ್ಲ ಇದು ಕುಡೀಲಿ’ ಅಂದ್ಲು.”

“ಬಣ್ಣ ಕುಡಿಯೋ ಇಂಜಿನ್ನಾ ಅತ್ತೇ? ಇಂಥವು ಊರಿಗೆ ಹತ್ತಿದ್ರೆ ನನ್ನ ಅಂಗಡಿ ಉದ್ಧಾರ ಆಗೋಗತ್ತೆ!”

ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಳಿಯ ತಂತಿ ಬ್ರಷ್ ಹಿಡಿದು ಕೂತ. ಕಪ್ಪು ಹುಡಿ ಉದುರಿತು. ಥಿನ್ನರಿನ ಘಾಟಿನ ಒಳಗಿನಿಂದ ಇನ್ನೊಂದು ವಾಸನೆ ಎದ್ದಿತು. ಸುಟ್ಟ ಕೂದಲಿನ ವಾಸನೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಸಂಜೆಗೆ ಲೋಹವನ್ನು ಫಳಫಳ ಹೊಳೆಸಿ, ಪ್ರೈಮರ್ ಹೊಡೆದು, ಅದರ ಮೇಲೆ ಬೆಳ್ಳಿಬಣ್ಣ ಹೊಡೆದ. ಚಂದಿರನೇ ಬಂದು ಮುಖ ನೋಡಿಕೊಳ್ಳಬೇಕು, ಹಾಗಿತ್ತು!

ಬೆಳಗ್ಗೆ ನೋಡಿದರೆ ಬೆಳ್ಳಿಯೆಲ್ಲ ಹಾಲಿನ ಕೆನೆಯಂತೆ ಜಾರಿ ನೆಲದ ಮೇಲೆ ಬಿದ್ದಿತ್ತು. ಇಂಜಿನ್ ಕಪ್ಪಗಿತ್ತು.

“ಜಿಡ್ಡು ಉಳಿದಿದೆ, ಅಷ್ಟೇ,” ಎಂದುಕೊಂಡು ಮತ್ತೆ ಕೆರೆದ. ಮತ್ತೆ ಹೊಡೆದ. ಮತ್ತೆ ಜಾರಿತು. ಅವನು ಬೈದ ಬೈಗುಳಕ್ಕೆ ಶೆಡ್ಡಿನ ಹಲ್ಲಿಗಳು ಗುಳೆ ಹೋದವು. ಪ್ರೈಮರ್ ಬದಲಾಯಿಸಿದ, ಕಂಪನಿಗೆ ಫೋನು ಮಾಡಿ ಜಗಳವಾಡಿದ, ಹೀಟ್ ಗನ್ ಹಿಡಿದು ಕಾಯಿಸಿದ. ಊಟಕ್ಕೆ ಕರೆದರೆ ಹಾಯಲು ಬರುತ್ತಿದ್ದ.

ಅವನ ಹೆಂಡತಿ ಟೈಲರು. ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರದ ಸದ್ದು ನಿಂತಿದ್ದನ್ನು ಅವನು ಗಮನಿಸಲೇ ಇಲ್ಲ. ಅವಳೇ ಶೆಡ್ಡಿಗೆ ಬಂದಳು.

“ರೀ, ಕಪ್ಪು ದಾರದ ಉಂಡೆಗಳೆಲ್ಲ ಬೆಳ್ಳಗಾಗಿವೆ. ವಕೀಲರ ಕೋಟು ನೋಡಿ! ಇದನ್ನ ಹಾಕ್ಕೊಂಡು ಅವರು ಕೋರ್ಟಿಗಲ್ಲ, ಆಪರೇಷನ್ ಮಾಡೋಕೆ ಹೋಗ್ಬೇಕು.”

“ಅಗ್ಗದ ಬಣ್ಣ ಕಣೇ, ಬಿಟ್ಟಿದೆ. ಬೆಳಕಿಗೆ ಅಡ್ಡ ನಿಲ್ಬೇಡ!”

ಮತ್ತೆ ಕೆರೆದ. ಅಡುಗೆಮನೆಯ ಕಬ್ಬಿಣದ ಹೆಂಚು ಸುಣ್ಣದಂತಾಯಿತು. ಮತ್ತೆ ಕೆರೆದ. ಛತ್ರಿ ಬಿಳಿಚಿತು. ಮತ್ತೆ ಕೆರೆದ. ಹೆಂಡತಿಯ ಮೊಣಕಾಲುದ್ದದ ಜಡೆ ಬುಡದಿಂದ ತುದಿಯವರೆಗೆ ಹತ್ತಿಯಾಯಿತು. ಅವಳು ಅತ್ತಳು. ಇವನು ಅಳುವಿಗೂ ರೇಗಿದ. “ಡೈ ಹಚ್ಕೋ! ನನಗಿಲ್ಲಿ ಒಂದು ಹಾಳು ಇಂಜಿನ್ ಬಗ್ಗುತ್ತಿಲ್ಲ!”

ಆ ಮಧ್ಯಾಹ್ನ ಅವನು ಹಠಕ್ಕೆ ಬಿದ್ದು, ಸಂದುಗೊಂದಿಗಳಿಗೆಲ್ಲ ಬ್ಲೇಡು ತುರುಕಿ, ಒಂದು ಚುಕ್ಕೆ ಬಿಡದೆ ಕೆರೆದ. ಬರಿ ಲೋಹ. ಗೆದ್ದೆ ಅಂದುಕೊಂಡ. ಬೆಳ್ಳಿಬಣ್ಣದ ಡಬ್ಬಿ ಎತ್ತಿಕೊಂಡ.

ಅವನ ಕಣ್ಣೆದುರೇ ಲೋಹದೊಳಗಿಂದ ಕಪ್ಪು ಜಿನುಗಿತು. ಒದ್ದೆ ಕಪ್ಪು. ಜೀವ ಇದ್ದಂಥ ಕಪ್ಪು. ಗುಟುಕ್, ಗುಟುಕ್ ಎಂದು ಯಾರೋ ನೀರು ಕುಡಿಯುವ ಸದ್ದು ಇಂಜಿನ್ನಿನ ಹೊಟ್ಟೆಯಿಂದ ಬಂತು.

ಒಳಗಿನಿಂದ ಹೆಂಡತಿ ಕಿರುಚಿದಳು.

ಓಡಿದ. ಅವಳು ಸೂಜಿ ಹಿಡಿದು ಕೂತಿದ್ದಳು. ಮುಖ ಎತ್ತಿದಳು. ಕಣ್ಣಿನಲ್ಲಿ ಪಾಪೆಯಿರಲಿಲ್ಲ. ಕಪ್ಪೇ ಇರಲಿಲ್ಲ. ಎರಡು ಬಿಳಿ ಬೋಗುಣಿ.

“ರೀ, ಎಲ್ಲಿದೀರಾ? ಸೂಜಿ ಕಾಣ್ತಿಲ್ಲ. ನನ್ನ ಕೈ ಕಾಣ್ತಿಲ್ಲ.”

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅಳಿಯನೆಂಬ ಮರ್ಯಾದೆಯೆಲ್ಲ ಅವರ ನಾಲಿಗೆಯಿಂದ ಹಾರಿಹೋಗಿತ್ತು.

“ಕಟುಕಾ! ಹೋಗೋ! ಬಾಯ್ಬಿಟ್ಟು ಕೇಳ್ಕೋ. ಅದಕ್ಕೆ ಬರಿಮೈಲಿ ಇರೋಕಾಗಲ್ಲ. ಕಪ್ಪು ಬೇಕೇ ಬೇಕು. ಅವಳದ್ದು ಬಿಡಿಸ್ಕೊಂಡು ನಿನ್ನದು ಕೊಡು!”

ಶೆಡ್ಡಿಗೆ ಬಂದ. ಬ್ರಷ್ ಬಿಸಾಡಿದ. ಉಗುರಿನಿಂದ ಕೆರೆದ. ಇಂಜಿನ್ ಬೆಚ್ಚಗಿತ್ತು. ಚರ್ಮದಂತೆ ಬೆಚ್ಚಗಿತ್ತು. ಉಗುರು ಕಿತ್ತುಬಂತು. ಕೆರೆದ. ಕೂದಲು ಸುಟ್ಟ ವಾಸನೆ ಗಂಟಲಿಗಿಳಿಯಿತು. ಕೆರೆದ. “ನಂದು ತಗೋ,” ಎಂದ. “ಕೆರೆದೋನು ನಾನು. ನಂದು ತಗೋ. ಅವಳದ್ದು ಬಿಡು.”

ಗುಟುಕು ನಿಂತಿತು.

ಇಂಜಿನ್ ಯೋಚಿಸುತ್ತಿರುವಂತಿತ್ತು.

ಆಮೇಲೆ ಕುಡಿಯಿತು. ಒಂದೇ ಗುಟುಕು.

ಒಳಗೆ ಹೊಲಿಗೆ ಯಂತ್ರದ ಪಕ್ಕದಲ್ಲಿ ಸೂಜಿ ಬಿದ್ದ ಸದ್ದು. “ಕಾಣ್ತಿದೆ!” ಅವಳ ದನಿ. “ಅಮ್ಮಾ, ಕಾಣ್ತಿದೆ!” ಜಡೆಗೆ ಕಪ್ಪು ಬಂತು. ಹೆಂಚಿಗೆ ಬಂತು. ವಕೀಲರು ಕೋಟು ಹಾಕಿಕೊಂಡು ಕೋರ್ಟಿಗೇ ಹೋದರು.

ಅಳಿಯ ಕನ್ನಡಿ ಹಿಡಿದು ಹೆದರುತ್ತ ನೋಡಿಕೊಂಡ. ತನ್ನ ಕಣ್ಣಿನ ಪಾಪೆ ಇದ್ದಲ್ಲೇ ಇತ್ತು. ಕೂದಲೂ ಕಪ್ಪಗೇ ಇತ್ತು. ಏನೂ ಹೋಗಿರಲಿಲ್ಲ. ಗೋಡೆಗೊರಗಿ, ಬದುಕಿದೆಯಾ ಬಡಜೀವವೇ ಎಂದು ಕಣ್ಣು ಮುಚ್ಚಿದ.

ಕತ್ತಲಾಗಲಿಲ್ಲ.

ರೆಪ್ಪೆಯ ಒಳಗೆ ಬೆಳ್ಳಗಿತ್ತು. ಬಿಗಿಯಾಗಿ ಮುಚ್ಚಿದ. ಇನ್ನೂ ಬೆಳ್ಳಗಾಯಿತು. ಅಂಗೈ ಒತ್ತಿದ. ಬಿಳಿ. ಹೊದಿಕೆ ಹೊದ್ದ. ಬಿಳಿ.

ಇಂಜಿನ್ ಈಗಲೂ ಶೆಡ್ಡಿನಲ್ಲಿದೆ, ಮಿರಮಿರ ಕಪ್ಪಗೆ. ಅವನ ಹೆಂಡತಿ ದಿನವೂ ಕಪ್ಪು ಬಟ್ಟೆಯ ಪಟ್ಟಿಗೆ ಇನ್ನೊಂದು ಮಡಿಕೆ ಸೇರಿಸಿ ಹೊಲಿದು ಅವನ ಕಣ್ಣಿಗೆ ಕಟ್ಟುತ್ತಾಳೆ. “ಈಗ?” ಎಂದು ಕೇಳುತ್ತಾಳೆ.

“ಇನ್ನೊಂದು ಮಡಿಕೆ ಹಾಕು,” ಎನ್ನುತ್ತಾನೆ ಅವನು.