ಮೈನಸ್ ನಲವತ್ತು

"ರೀ! ಅದು ನನ್ನ ರಿಮೋಟು!"

ವೋಯ್ತೆಖ್‌ನ ಬಾಯಿಂದ ಬ್ಲಾಂಕಾ ಕೇಳಿದ ಮೊದಲ ಮಾತೇ ಅದು. ಮೊರಾವಿಯಾದ ಆ ಹುಲ್ಲು ಮೈದಾನದಲ್ಲಿ, ಮಾದರಿ ವಿಮಾನ ಹಾರಿಸುವವರ ಮಧ್ಯೆ, ಅವಳು ಬಣ್ಣ ನೋಡಿ ತನ್ನದೆಂದುಕೊಂಡು ಅವನ ರಿಮೋಟನ್ನು ಎತ್ತಿಕೊಂಡಿದ್ದಳು.

"ಮುಟ್ಟಿದರೆ ಸವೆದುಹೋಗುತ್ತಾ?"

ಅವನು ನಕ್ಕ. ಆ ನಗುವಿಗೆ ಅವಳು ಸೋತೇಹೋದಳು!

ನಾಲ್ಕನೆಯ ಭಾನುವಾರ ಅವನೇ ಆ ರಿಮೋಟನ್ನು ಅವಳ ಕೈಗಿಟ್ಟ.

"ಮಣಿಕಟ್ಟು ಮುರಿದಾಗಿಂದ ಬೆರಳು ನಡುಗುತ್ತೆ. ಸ್ಟಿಕ್ಕು ಚೂರು ಅಲುಗಿದ್ದಕ್ಕೆಲ್ಲ ವಿಮಾನ ತಿರುಗದ ಹಾಗೆ, ನಡುವಲ್ಲಿ ಸ್ವಲ್ಪ ಮೆದು ಮಾಡಿಕೊಡ್ತೀಯಾ?"

ತನ್ನ ರಿಮೋಟಿನಲ್ಲಿ ಮಾಡುವಂತೆಯೇ ಅವಳು ಅದರ ಸೆಟ್ಟಿಂಗಿನಲ್ಲಿ ಮೈನಸ್ ನಲವತ್ತು ಹಾಕಿದಳು. ಹಾರಿಸುವ ಮೊದಲು ಸ್ಟಿಕ್ಕು ಅಲ್ಲಾಡಿಸಿ ರೆಕ್ಕೆಯಂಚಿನ ಪಟ್ಟಿ ಎಷ್ಟು ತಿರುಗುತ್ತದೆಂದು ನೋಡಬೇಕಿತ್ತು. ಮಹಾತಾಯಿ ನೋಡುತ್ತಿದ್ದದ್ದು ಅವನ ಮುಖವನ್ನು!

ವಿಮಾನ ಮೇಲೇರಿತು. ಅವನ ಬೆರಳು ಒಂದಿಷ್ಟು ಅಲುಗಿದ್ದೇ ತಡ, ಹುಚ್ಚು ಹಿಡಿದಂತೆ ಮಗುಚಿತು. ಅವನು ಎರಡು ಚಳಿಗಾಲ ಕೂತು ಕಟ್ಟಿದ ಗ್ಲೈಡರ್ ಗೋಧಿ ಹೊಲದಲ್ಲಿ ನುಚ್ಚುನೂರಾಯಿತು.

"ನನ್ನ ಕೈ ಕಥೆ ಮುಗೀತು, ಬ್ಲಾಂಕಾ..."

ಅವನು ಚೂರು ಆಯಲು ಹೋದಾಗ ಅವಳು ರಿಮೋಟಿನ ಪರದೆ ನೋಡಿದಳು. ಅವಳ ರಿಮೋಟಿನಲ್ಲಿ ಮೈನಸ್ ಎಂದರೆ ಮೆದು. ನೋಡಲು ಒಂದೇ ಥರ ಇದ್ದರೂ ಅವನದು ಬೇರೆ ಕಂಪನಿಯದು, ಅದರಲ್ಲಿ ಮೈನಸ್ ಎಂದರೆ ಇನ್ನಷ್ಟು ಚುರುಕು!

ಅವಳು ಗುಟ್ಟಾಗಿ ಅದನ್ನು ಪ್ಲಸ್ಸಿಗೆ ತಿರುಗಿಸಿದಳು. ತನ್ನ ತಪ್ಪೆಂದು ಅವನಿಗೆ ಹೇಳಲಿಲ್ಲ.

'ಛೀ! ನಾನೆಂಥವಳು...' ಮೂರು ವಾರ ತನ್ನನ್ನೇ ಬೈದುಕೊಂಡಳು.

ಮೂರನೆಯ ವಾರದ ಭಾನುವಾರ ವೋಯ್ತೆಖ್ ಉಳಿದ ವಿಮಾನಗಳನ್ನೆಲ್ಲ ಹೊತ್ತು ತಂದ.

"ಇವನ್ನ ಕ್ಲಬ್ಬಿಗೇ ಕೊಟ್ಟುಬಿಡ್ತೀನಿ. ನನ್ನ ಗಡಿಯಾರ ರಿಪೇರಿ ಅಂಗಡೀನೂ ಅಣ್ಣನಿಗೆ ಬಿಡ್ತೀನಿ. ಈ ಕೈಲಿ ರಿಪೇರಿ ಎಲ್ಲಿಂದ ಆಗಬೇಕು?"

"ಅದು ನಿನ್ನ ಕೈಯ ತಪ್ಪಲ್ಲ!" ಬ್ಲಾಂಕಾ ಕಿರುಚಿಯೇಬಿಟ್ಟಳು. "ನಾನು ಮೈನಸ್ ಹಾಕಿದ್ದೆ. ಆಮೇಲೆ ನಿನಗೆ ಗೊತ್ತಾಗದ ಹಾಗೆ ಬದಲಾಯಿಸಿದೆ... ನೀನು ದೂರ ಹೋಗ್ತೀಯ ಅನ್ನೋ ಭಯಕ್ಕೆ."

ಅವನು ಕೈಲಿದ್ದ ವಿಮಾನವನ್ನು ಕೆಳಗಿಟ್ಟ.

"ವಿಮಾನ ಹಾಳಾಗಿ ಹೋಗ್ಲಿ. ಮೂರು ವಾರ ನನ್ನ ಕೈಯನ್ನ ನಾನೇ ಶಪಿಸಿದೆ. ನೀನು ನೋಡ್ತಾ ಕೂತಿದ್ದೆ!"

"ಹೌದು." ಅವಳು ಕಣ್ಣೀರು ಒರೆಸಿಕೊಳ್ಳಲೂ ಇಲ್ಲ.

ಅವನು ಒಂದು ಪುಟ್ಟ ವಿಮಾನ ಎತ್ತಿ ಹುಲ್ಲಿನ ಮೇಲಿಟ್ಟು, ರಿಮೋಟನ್ನು ಚಾಚಿದ.

"ಇದಕ್ಕೂ ಹಾಕು. ನನ್ನ ಕಣ್ಣೆದುರಿಗೆ."

ಪ್ಲಸ್ ನಲವತ್ತು. ಈ ಸಲ ಸ್ಟಿಕ್ಕು ಅಲ್ಲಾಡಿಸಿ ಇಬ್ಬರೂ ಮಂಡಿಯೂರಿ ರೆಕ್ಕೆಯಂಚಿನ ಪಟ್ಟಿ ನೋಡಿದರು. ಮೆತ್ತಗೆ ತಿರುಗಿತು.

ವಿಮಾನ ಹಾರಿತು. ಅವನ ಬೆರಳು ನಡುಗುತ್ತಲೇ ಇತ್ತು, ಆದರೆ ವಿಮಾನ ನೆಟ್ಟಗೆ ಹೋಗುತ್ತಿತ್ತು. ಅವನ ಕಣ್ಣು ತುಂಬಿ ಬಂತು.

"ಕ್ಷಮಿಸಿದೆಯಾ?"

"ಅಷ್ಟು ಸುಲಭಕ್ಕಾ? ಈ ಚಳಿಗಾಲ ನನ್ನ ಪಕ್ಕ ಕೂತು ಹೊಸ ಗ್ಲೈಡರ್ ಕಟ್ಟು. ಆಮೇಲೆ ನೋಡೋಣ."

"ಒಂದೇ ಚಳಿಗಾಲಕ್ಕೆ ಮುಗಿಯಲ್ಲ... ನಾನು ತುಂಬಾ ನಿಧಾನ."

"ಗೊತ್ತು ಬಿಡು." ಅವನ ನಡುಗುವ ಕೈ ಅವಳ ಕೈ ಹಿಡಿಯಿತು. "ನಿಜ ಹೇಳೋಕೇ ಮೂರು ವಾರ ತಗೊಂಡವಳು ನೀನು!"