ಗೋಡೆಯಲ್ಲಿ ಏರಿದ ತೇವ

ಮೂವತ್ತು ವರ್ಷದಿಂದ ಗಾರೆ ಕೆಲಸ ಮಾಡುತ್ತಿದ್ದೇನೆ. ನೆಲದಿಂದ ಗೋಡೆಗೆ ಏರುವ ತೇವ ಸಾಮಾನ್ಯವಾಗಿ ಸೊಂಟದೆತ್ತರಕ್ಕೆ ನಿಂತುಬಿಡುತ್ತದೆ. ಆ ಟೀಚರಮ್ಮನ ಮನೆಯಲ್ಲಿ ಮಾತ್ರ ಅದು ನನ್ನ ಎದೆಮಟ್ಟ ಮುಟ್ಟಿತ್ತು. ಅದೂ ಗೇಣಗಲದ ಒಂದೇ ಪಟ್ಟಿ. ಅಕ್ಕಪಕ್ಕದ ಗೋಡೆಯೆಲ್ಲ ಒಣಗಿಕೊಂಡೇ ಇತ್ತು.

ಮಟಮಟ ಮಧ್ಯಾಹ್ನ ಗಿಲಾವು ಕೆತ್ತಿದೆ. ತೇವದ ಇಟ್ಟಿಗೆ ತಣ್ಣಗಿರಬೇಕು, ಇದು ಬೆಚ್ಚಗಿತ್ತು. ಮುಗ್ಗಲು ವಾಸನೆಯ ಬದಲು ಎಳೆಮಗುವಿನ ನೆತ್ತಿಯ ವಾಸನೆ ಬಂತು. ಪಟ್ಟಿಯ ಪಕ್ಕದಲ್ಲಿ ಕೆಳಗಿನಿಂದ ಮೇಲಕ್ಕೆ ಪೆನ್ಸಿಲ್ ಗೆರೆಗಳು.

“ಇದೇನಮ್ಮಾ?”

“ಮಗಳ ಎತ್ತರ ಅಳೀತಿದ್ದ ಜಾಗ ಅದು. ಎರಡು ವರ್ಷಕ್ಕೇ ಹೋಗ್ಬಿಟ್ಲು. ಕೆಳಗಿನ ಎರಡು ಗೆರೆ ಅವಳದು. ಆಮೇಲಿಂದೆಲ್ಲ ತೇವದ್ದು, ವರ್ಷಕ್ಕಿಷ್ಟು ಏರುತ್ತೆ.”

ನನ್ನ ಕೈಯಲ್ಲಿದ್ದ ಉಳಿ ತಾನಾಗಿ ಕೆಳಗಿಳಿಯಿತು. “ಮತ್ತೆ ನನ್ನನ್ನ ಯಾಕೆ ಕರೆಸಿದ್ರಿ?”

“ಗೋಡೆ ಬಿದ್ದೋಗಲ್ಲ ತಾನೇ? ಅಷ್ಟು ಕೇಳೋಣ ಅಂತ.”

“ಬೀಳೋಕೆ ನಾನು ಬಿಡಲ್ಲಮ್ಮ,” ಎಂದೆ. ಕೆತ್ತಿದ ಕಡೆ ಸಿಮೆಂಟು ಮೆತ್ತಲು ಮನಸ್ಸು ಬರಲಿಲ್ಲ. ಗೋಡೆ ಉಸಿರಾಡಲೆಂದು ಬರೀ ಸುಣ್ಣದ ಗಾರೆ ಸವರಿದೆ.

ಅದಾಗಿ ಹದಿಮೂರು ವರ್ಷ. ಪ್ರತಿ ಬೇಸಿಗೆ ಹೋಗಿ ನೋಡಿ ಬರುತ್ತೇನೆ. ಮೂರು ವರ್ಷದಿಂದ ತೇವ ಏರುವುದು ನಿಂತಿದೆ, ಟೀಚರಮ್ಮನಿಗಿಂತ ಎರಡು ಬೆರಳು ಎತ್ತರದಲ್ಲಿ. ಒಣಗಿಲ್ಲ.